ಎರಿ ಹೊಲದ ಇಲಿಯ ಜೀನೋಮ್

ಏಪ್ರಿಲ್ ಹೊತ್ತಿಗೆ ರೋಣ, ನರಗುಂದ ಸೀಮೆಯ ಎರಿ ಹೊಲಗಳು ಬಾಯಿ ಬಿಡುತ್ತವೆ. ಕಡಲೆ, ಬಿಳಿಜೋಳ, ಗೋದಿಯ ರಾಶಿ ಮುಗಿದಿರುತ್ತದೆ. ಬಿಸಿಲಿಗೆ ಕಾದ ಕರಿಮಣ್ಣು ಕುಗ್ಗಿ ಸೀಳುತ್ತದೆ. ಕೈ ಇಳಿಬಿಟ್ಟರೆ ಮೊಣಕೈ ಮುಳುಗುವಷ್ಟು ಆಳದ ಬಿರುಕುಗಳು ಏಳುತ್ತವೆ. ನೆಲ ಬರಿದಾಗಿ ಕಂಡರೂ ಆ ಬಿರುಕುಗಳೊಳಗೆ ಸಂಸಾರಗಳಿರುತ್ತವೆ. ಗೇಣಿಗಿಂತ ಚಿಕ್ಕ ಮೈ, ಬೆನ್ನ ಮೇಲೆ ಬೂದುಗಂದು ಬಣ್ಣ, ಹೊಟ್ಟೆಯ ಕಡೆ ಬಿಳಿಚು, ದುಂಡನೆಯ ಕಿವಿ, ಬಲು ಮೆತ್ತನೆಯ ತುಪ್ಪಳ. ವಿಜ್ಞಾನಿಗಳು ಇದನ್ನು ಮಿಲಾರ್ಡಿಯಾ ಮೆಲ್ಟಾಡಾ ಎಂದು ಕರೆಯುತ್ತಾರೆ. ರೈತರಿಗೆ ಇದು ತೆನೆ ಕಡಿಯುವ ಹೊಲದ ಇಲಿ.

ಒಂದು ಪ್ರಾಣಿಯ ಡಿಎನ್‌ಎಯಲ್ಲಿರುವ ಅಷ್ಟೂ ಅಕ್ಷರಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ದಾಖಲಿಸುವ ಕೆಲಸಕ್ಕೆ ಜೀನೋಮ್ ಸೀಕ್ವೆನ್ಸಿಂಗ್ ಎನ್ನುತ್ತಾರೆ. ಹುಲಿ, ಆನೆಗಳ ಸುದ್ದಿಯಲ್ಲಿ ಈ ಮಾತು ಆಗಾಗ ಬರುತ್ತದೆ. ಹೊಲದ ಇಲಿಯ ವಿಷಯದಲ್ಲಿ ಬರುವುದು ಅಪರೂಪ. ಆದರೆ ಕರ್ನಾಟಕದಲ್ಲಿ ಈ ಮಾತು ಎತ್ತುವುದಕ್ಕೆ ರೋಣ, ನರಗುಂದ, ಗಜೇಂದ್ರಗಡಕ್ಕಿಂತ ಯೋಗ್ಯವಾದ ಜಾಗ ಸಿಗಲಿಕ್ಕಿಲ್ಲ. ಈ ಇಲಿಯೂ ಇದರ ಹಲವು ನೆಂಟರೂ ಜಗತ್ತಿನ ವಿಜ್ಞಾನದ ದಾಖಲೆಗೆ ಸೇರಿದ್ದೇ ಈ ಊರುಗಳೂ ಸೇರಿದ್ದ ಹಳೆಯ ಧಾರವಾಡ ಸೀಮೆಯಿಂದ.

ಸೇರಿಸಿದವರು ವಾಲ್ಟರ್ ಎಲಿಯಟ್. 1803ರಲ್ಲಿ ಹುಟ್ಟಿದ ಇವರು ಮದರಾಸು ಸಿವಿಲ್ ಸರ್ವಿಸ್‌ಗೆ ಸೇರಿ, ಧಾರವಾಡದಲ್ಲಿ ಕಲೆಕ್ಟರ್ ಥ್ಯಾಕರೆಯ ಸಹಾಯಕರಾಗಿದ್ದರು. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರ ಕೈಗೆ ಸೆರೆ ಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬರು, ಇನ್ನೊಬ್ಬರು ಸ್ಟೀವನ್‌ಸನ್. ಬಿಡುಗಡೆಯಾದ ಮೇಲೂ ಎಲಿಯಟ್ ಈ ಸೀಮೆ ಬಿಡಲಿಲ್ಲ. 1833ರ ತನಕ ಇಲ್ಲಿಯೇ ಇದ್ದು ಊರೂರು ತಿರುಗಿ ಶಾಸನಗಳ ಪ್ರತಿ ಮಾಡಿಸಿದರು, ಬೇಟೆಯಾಡಿದರು, ಪ್ರಾಣಿಗಳ ಮಾದರಿ ಕೂಡಿಸಿದರು. ಆ ಕೆಲಸದ ಫಲವೇ 1839ರಲ್ಲಿ ಮದರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದ, ಧಾರವಾಡವೂ ಸೇರಿದ್ದ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ.

ಆ ಕಾಲದ ಬಹಳಷ್ಟು ಪಟ್ಟಿಗಳಲ್ಲಿ ಸಿಗುವುದು ಸತ್ತ ಪ್ರಾಣಿಯ ಅಳತೆ, ತೊಗಲಿನ ಬಣ್ಣ, ಹಲ್ಲಿನ ಲೆಕ್ಕ. ಎಲಿಯಟ್ ಪಟ್ಟಿಯಲ್ಲಿ ಬದುಕಿರುವ ಪ್ರಾಣಿಯೇ ಕಾಣುತ್ತದೆ. ಯಾವ ಇಲಿ ಯಾವ ಮಣ್ಣಿನಲ್ಲಿರುತ್ತದೆ, ಬಿಲ ಎಷ್ಟು ಆಳ, ಒಳಗೆ ಏನು ಕೂಡಿಡುತ್ತದೆ, ಮಳೆ ಬಂದರೆ ಏನಾಗುತ್ತದೆ ಎಂಬುದೆಲ್ಲ ಅಲ್ಲಿದೆ. ಬಿರುಕಿನಲ್ಲಿ ವಾಸಿಸುವ ಈ ಇಲಿ ತಾನಾಗಿ ಆಳದ ಬಿಲ ತೋಡುವುದಿಲ್ಲ. ಕಂಟಿಯ ಬುಡ, ಹೊಲದಲ್ಲಿ ಗುಡ್ಡೆ ಹಾಕಿದ ಕಲ್ಲು, ಬೇರೆ ಇಲಿ ಬಿಟ್ಟುಹೋದ ಬಿಲ, ಎರಿ ನೆಲದ ಸೀಳು ಇವೇ ಅದಕ್ಕೆ ಸಾಕು. ಮುಂಗಾರಿನ ಮೊದಲ ಮಳೆಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿದಾಗ ಲೆಕ್ಕವಿಲ್ಲದಷ್ಟು ಇಲಿಗಳು ಅಲ್ಲೇ ಹೂತುಹೋಗುತ್ತವೆ ಎಂದು ಅವರು ಬರೆದಿದ್ದಾರೆ. 1826ರಲ್ಲಿ ಮುಂಗಾರಿನ ಮೊದಲ ಮಳೆಗಳು ಕೈಕೊಟ್ಟವು. ಬಿರುಕುಗಳು ಮುಚ್ಚಲಿಲ್ಲ, ಇಲಿಗಳು ಸಾಯಲಿಲ್ಲ. ಬಿತ್ತಿದ ಬೀಜವನ್ನು ಬಿತ್ತಿದಲ್ಲೇ ತಿಂದವು. ಉಳಿದ ಪೈರು ತೆನೆಗೆ ಬಂದಾಗ ಜೋಳದ ದಂಟು ಹತ್ತಿ ತೆನೆ ಕಡಿದು ಕೆಡವಿದವು. ಹೊಲಕ್ಕೆ ಹೊಲವೇ ಹಾಳಾಗಿ ರೈತರು ಕಂದಾಯ ಕಟ್ಟಲಾರದೆ ಹೋದರು. ಕೆರೆ ತೋಡುವ, ಕಲ್ಲು ಒಡೆಯುವ ವಡ್ಡರಿಗೆ ಡಜನ್ ಇಲಿಗಳ ಲೆಕ್ಕದಲ್ಲಿ ಕಾಳು ಕೊಟ್ಟು ಇಲಿ ಹಿಡಿಸಿದರು. ಸಾವಿರಾರು ಸತ್ತರೂ ಇಲಿಗಳ ಸಂಖ್ಯೆ ಇಳಿದಂತೆ ಕಾಣಲಿಲ್ಲ.

ಇವತ್ತು ಭೋವಿಗಳೆಂದೂ ಕರೆಸಿಕೊಳ್ಳುವ ಆ ಜನರೇ ಎಲಿಯಟ್‌ಗೆ ಈ ಇಲಿಯ ಹೆಸರು, ಬದುಕು ಎರಡನ್ನೂ ತಿಳಿಸಿಕೊಟ್ಟವರು. ಅವರು ಇದನ್ನು ಮೆಟ್ಟಾಡ ಎನ್ನುತ್ತಿದ್ದರು. ಎಲಿಯಟ್ ಕಳಿಸಿದ ಮಾದರಿ ನೋಡಿ ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ನಾಮಕರಣ ಮಾಡಿದಾಗ ಅದು ಮೆಲ್ಟಾಡಾ ಆಯಿತು. ಕನ್ನಡದಲ್ಲಿ ಗುಲಾಂಡಿ ಎನ್ನುವ ಇನ್ನೊಂದು ಇಲಿ ಗೊಲುಂಡಾ ಎಲಿಯೋಟಿ ಆಯಿತು. ದೊಡ್ಡ ಬಿಲ ತೋಡಿ ಕಾಳು ಕೂಡಿಡುವ ಕೋಕ್ ಎಂಬ ಹೆಗ್ಗಣಜಾತಿಯ ಇಲಿಗೆ ಆ ಹೆಸರನ್ನೇ ಇಟ್ಟರು. ಇಂದಿಗೂ ಈ ಮೂರು ಹೆಸರುಗಳ ಮೂಲ ನೆಲೆ ಯಾವುದೆಂದು ವಿಜ್ಞಾನದ ಕೋಶಗಳಲ್ಲಿ ಹುಡುಕಿದರೆ ಧಾರವಾಡ ಎಂದೇ ಇದೆ. ಒಂದು ಪ್ರಭೇದದ ಜೀನೋಮ್ ಓದುವಾಗ ಸಾಧ್ಯವಾದರೆ ಅದರ ಮೂಲ ನೆಲೆಯ ಪ್ರಾಣಿಯನ್ನೇ ಆರಿಸುವುದು ಒಳ್ಳೆಯ ಪದ್ಧತಿ. ಮುಂದೆ ಬೇರೆ ಕಡೆಯ ಇಲಿಗಳನ್ನು ಹೋಲಿಸಿ, ಇದು ಅದೇ ಪ್ರಭೇದವೋ ಬೇರೆಯೋ ಎಂದು ತೀರ್ಮಾನಿಸಲು ಆಗ ಗಟ್ಟಿ ಆಧಾರ ಸಿಗುತ್ತದೆ.

ಹಾಗೆ ತೀರ್ಮಾನಿಸುವುದು ಎಷ್ಟು ಕಷ್ಟವೆಂದು ತಿಳಿಯಲು ಹೊಲದ ಚಿಕ್ಕ ಇಲಿಗಳನ್ನು ನೋಡಬೇಕು. ಮಸ್ ಬೂದುಗಾ ಮತ್ತು ಮಸ್ ಟೆರಿಕಲರ್ ಎಂಬ ಎರಡು ಪುಟ್ಟ ಇಲಿಗಳು ಕಣ್ಣಿಗೆ ಒಂದೇ ಥರ. ವರ್ಣತಂತುಗಳ ಸಂಖ್ಯೆಯೂ ಒಂದೇ, ಎರಡಕ್ಕೂ 40. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಟಿ. ಶರ್ಮಾ ಅವರ ತಂಡ ವರ್ಣತಂತುಗಳ ಆಕಾರವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿ ಇವುಗಳ ವ್ಯತ್ಯಾಸ ಬಿಡಿಸಬೇಕಾಯಿತು. ಗರಸು ನೆಲದಲ್ಲಿ ಬಿಲ ಮಾಡಿ, ಬಾಯಿಗೆ ಸಣ್ಣ ಹರಳುಕಲ್ಲು ಒಟ್ಟಿ ಮುಚ್ಚಿಕೊಳ್ಳುವ ಮುಳ್ಳುತುಪ್ಪಳದ ಕಲ್ಲಿಲಿಗೆ, ಅಂದರೆ ಮಸ್ ಪ್ಲಾಟಿಥ್ರಿಕ್ಸ್‌ಗೆ, ವರ್ಣತಂತು ಬರೀ 26. ಮೆಟ್ಟಾಡಕ್ಕೆ 50. ಮನುಷ್ಯನಿಗೆ 46 ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನಮ್ಮ ಕಾಡುಕುರಿಯ ಹೆಣ್ಣಿಗೆ 6, ಗಂಡಿಗೆ 7 ಮಾತ್ರ ಎಂದು 1970ರಲ್ಲಿ ಗೊತ್ತಾದಾಗ ವಿಜ್ಞಾನಿಗಳೇ ಬೆರಗಾಗಿದ್ದರು. ಡಿಎನ್‌ಎ ಎಷ್ಟು ವರ್ಣತಂತುಗಳಾಗಿ ತುಂಡಾಗಿದೆ ಎಂಬುದಕ್ಕೂ ಅದರಲ್ಲಿ ಒಟ್ಟು ಎಷ್ಟು ಅಕ್ಷರ ಬರೆದಿದೆ ಎಂಬುದಕ್ಕೂ ಸಂಬಂಧವಿಲ್ಲ. ಸಸ್ತನಿಗಳ ಡಿಎನ್‌ಎ ಸಾಮಾನ್ಯವಾಗಿ 200ರಿಂದ 350 ಕೋಟಿ ಅಕ್ಷರಗಳ ಸುತ್ತಮುತ್ತಲೇ ಇರುತ್ತದೆ.

ಇಷ್ಟನ್ನು ಓದುವುದು ಹೇಗೆ?

ಕೆಲಸ ಶುರುವಾಗುವುದು ಹೊಲದಲ್ಲಿ. ಶರ್ಮನ್ ಬೋನು ಎಂಬುದು ಅಲ್ಯೂಮಿನಿಯಂ ತಗಡಿನ, ಮಡಚಿ ಚೀಲದಲ್ಲಿಡಬಹುದಾದ ಉದ್ದನೆಯ ಡಬ್ಬಿ. ಸಂಜೆ ಬದುವಿನುದ್ದಕ್ಕೂ ಸಾಲಾಗಿ ಇಟ್ಟು, ಒಳಗೆ ಶೇಂಗಾ, ಜೋಳ ಹಾಕಿ ಬಂದರೆ ರಾತ್ರಿ ಇಲಿ ಒಳಹೊಕ್ಕು ತಳದ ತಗಡು ತುಳಿದೊಡನೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಬಿಸಿಲೇರುವ ಮೊದಲು ಬೋನು ತೆರೆಯಲೇಬೇಕು, ಇಲ್ಲದಿದ್ದರೆ ತಗಡಿನ ಕಾವಿಗೆ ಇಲಿ ಸಾಯುತ್ತದೆ. ಇಲಿಯನ್ನು ಬಟ್ಟೆಯ ಚೀಲಕ್ಕೆ ಜಾರಿಸಿ, ಚೀಲ ಸಮೇತ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ತೂಕ ನೋಡುತ್ತಾರೆ. ಬಾಲ, ಕಿವಿ, ಹಿಂಗಾಲಿನ ಪಾದದ ಅಳತೆ ಹಿಡಿಯುತ್ತಾರೆ. ಇಲಿಗಳ ಗುರುತಿಗೆ ಪಾದದ ಅಳತೆ ಬಹಳ ಮುಖ್ಯ. ಯಾವ ಹೊಲ, ಯಾವ ಬೆಳೆ, ಯಾವ ಮಣ್ಣು, ಯಾವ ದಿನ ಎಂದು ಬರೆದುಕೊಳ್ಳುತ್ತಾರೆ. ಇದು ಗುಮಾಸ್ತಿಕೆಯಂತೆ ಕಂಡರೂ ಈ ಚೀಟಿ ಕಳೆದರೆ ಮುಂದೆ ಕಂಪ್ಯೂಟರಿನಲ್ಲಿ ಕೂಡುವ ನೂರಾರು ಕೋಟಿ ಅಕ್ಷರಗಳು ಯಾರವೆಂದು ಹೇಳಲು ಬರುವುದಿಲ್ಲ.

ಕಿವಿಯ ಅಂಚಿನ ಒಂದು ಚೂರನ್ನು ಆಲ್ಕೋಹಾಲಿನಲ್ಲಿಟ್ಟು ಇಲಿಯನ್ನು ಬಿಟ್ಟುಬಿಟ್ಟರೂ ಡಿಎನ್‌ಎ ಸಿಗುತ್ತದೆ. ಅನೇಕ ಅಧ್ಯಯನಗಳಿಗೆ ಅಷ್ಟು ಸಾಕು. ಆದರೆ ಒಂದು ಪ್ರಭೇದದ ಮೊದಲ ಪೂರ್ಣ ಜೀನೋಮ್ ಕಟ್ಟಲು ಉದ್ದುದ್ದ ಎಳೆಗಳು ತುಂಡಾಗದೆ ಬೇಕು. ಪ್ರಾಣಿ ಸತ್ತ ಗಳಿಗೆಯಿಂದಲೇ ಜೀವಕೋಶದೊಳಗಿನ ಕಿಣ್ವಗಳು ಡಿಎನ್‌ಎಯನ್ನು ಕತ್ತರಿಸತೊಡಗುತ್ತವೆ, ಬೇಸಿಗೆಯ ಶಾಖದಲ್ಲಂತೂ ಇನ್ನೂ ಬೇಗ. ಅದಕ್ಕೇ ತಾಜಾ ಅಂಗಾಂಶವನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ತಕ್ಷಣ ಮುಳುಗಿಸುತ್ತಾರೆ. ಇದಕ್ಕಾಗಿ ಬೆಂಗಳೂರಿನಿಂದಲೇ ಎಲ್ಲ ಹೊತ್ತು ತರಬೇಕೆಂದಿಲ್ಲ. ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಡುವ ಪಶು ಚಿಕಿತ್ಸಾಲಯದ ಕ್ಯಾನಿನಲ್ಲಿರುವುದೂ ಇದೇ ದ್ರವ. ಗಂಡು ಇಲಿ ಸಿಕ್ಕರೆ ಒಳ್ಳೆಯದು, ಎಕ್ಸ್ ಮತ್ತು ವೈ ಎರಡೂ ವರ್ಣತಂತು ಒಂದೇ ಪ್ರಾಣಿಯಲ್ಲಿ ಸಿಗುತ್ತವೆ.

ಮುಂದಿನದು ಯಂತ್ರದ ಕೆಲಸ. ಯಾವ ಯಂತ್ರವೂ ವರ್ಣತಂತುವನ್ನು ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಓದಲಾರದು. ಇಲ್ಯುಮಿನಾ ಯಂತ್ರ ಒಂದೊಂದು ಸಲಕ್ಕೆ 150ರಷ್ಟು ಅಕ್ಷರ ಓದುತ್ತದೆ. ಪ್ಯಾಕ್‌ಬಯೋದ ಹೊಸ ವಿಧಾನ 15ರಿಂದ 20 ಸಾವಿರ ಅಕ್ಷರಗಳ ಚೂರನ್ನು ಸಾವಿರಕ್ಕೆ ಒಂದೂ ತಪ್ಪಿಲ್ಲದಂತೆ ಓದಬಲ್ಲದು. ನ್ಯಾನೋಪೋರ್ ಯಂತ್ರದಲ್ಲಿ ಡಿಎನ್‌ಎ ಎಳೆ ಅತಿ ಸಣ್ಣ ರಂಧ್ರದೊಳಗೆ ತೂರಿಹೋಗುವಾಗ ವಿದ್ಯುತ್ ಪ್ರವಾಹದಲ್ಲಿ ಆಗುವ ಏರಿಳಿತವೇ ಅಕ್ಷರ. ಅದು ಲಕ್ಷ ದಾಟಿದ ಉದ್ದವನ್ನೂ ಓದುತ್ತದೆ. ಹೀಗೆ ಓದಿದ ಕೋಟ್ಯಂತರ ಚೂರುಗಳನ್ನು ಕಂಪ್ಯೂಟರ್ ಜೋಡಿಸಬೇಕು. ಒಡೆದ ಶಾಸನವೊಂದರ ಹತ್ತಾರು ಅಚ್ಚುಪ್ರತಿಗಳಿದ್ದು, ಒಂದೊಂದರಲ್ಲಿ ಒಂದೊಂದು ಭಾಗ ಮೂಡಿದ್ದರೆ, ಒಂದರ ಕೊನೆಯ ಸಾಲು ಇನ್ನೊಂದರ ಮೊದಲ ಸಾಲಿಗೆ ಹೊಂದುವುದನ್ನು ನೋಡಿ ಪೂರ್ತಿ ಪಾಠ ಕಟ್ಟುವಂತೆ ಇದು. ಆದರೆ ಒಂದೇ ಸಾಲು ನೂರು ಕಡೆ ಬಂದರೆ ಯಾವುದು ಯಾವುದಕ್ಕೆ ಕೂಡಬೇಕು? ಇಲಿಯ ಡಿಎನ್‌ಎಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಂಥ ಪುನರಾವರ್ತನೆಯೇ. ಗಿಡ್ಡ ಚೂರುಗಳು ಅಲ್ಲಿ ದಾರಿ ತಪ್ಪುತ್ತವೆ. ಉದ್ದ ಚೂರು ಪುನರಾವರ್ತನೆಯನ್ನು ಪೂರ್ತಿ ದಾಟಿ ಎರಡೂ ಬದಿಯ ನೆಲ ತೋರಿಸುತ್ತದೆ.

ಕೊನೆಯಲ್ಲಿ ಈ ದೊಡ್ಡ ತುಂಡುಗಳು ಯಾವ ವರ್ಣತಂತುವಿಗೆ ಸೇರಿದವು ಎಂಬ ಪ್ರಶ್ನೆ ಉಳಿಯುತ್ತದೆ. ಹೈ-ಸಿ ಎಂಬ ವಿಧಾನ ಅದಕ್ಕೆ. ಜೀವಕೋಶದೊಳಗೆ ಮಡಚಿ ಕೂತ ಡಿಎನ್‌ಎಯನ್ನು ಫಾರ್ಮಾಲ್ಡಿಹೈಡ್‌ನಿಂದ ಇದ್ದಂತೆಯೇ ಗಟ್ಟಿ ಮಾಡಿ, ಪರಸ್ಪರ ತಾಗಿಕೊಂಡಿರುವ ಭಾಗಗಳನ್ನು ಅಂಟಿಸಿ ಓದುತ್ತಾರೆ. ಮತ್ತೆ ಮತ್ತೆ ಜೋಡಿಯಾಗಿ ಸಿಗುವ ತುಂಡುಗಳು ಒಂದೇ ವರ್ಣತಂತುವಿನವು. ಮೆಟ್ಟಾಡದ ವಿಷಯದಲ್ಲಿ ಉತ್ತರ 25 ಜೋಡಿಗೆ ಬಂದು ನಿಲ್ಲಬೇಕು; ಸೂಕ್ಷ್ಮದರ್ಶಕದ ಹಳೆಯ ಎಣಿಕೆ ಇಲ್ಲಿ ಹೊಸ ಕೆಲಸದ ಪರೀಕ್ಷಕನಾಗುತ್ತದೆ.

ಜಗತ್ತಿನಲ್ಲಿ ಮನುಷ್ಯನ ಹಿಂದೆಯೇ ಓದಿಸಿಕೊಂಡ ಸಸ್ತನಿ ಇಲಿಯೇ. ಪ್ರಯೋಗಶಾಲೆಯ ಮನೆ ಇಲಿಯ ಜೀನೋಮ್ 2002ರಲ್ಲಿ, ದೊಡ್ಡ ಇಲಿಯದು 2004ರಲ್ಲಿ ಪ್ರಕಟವಾಯಿತು. ಆದರೆ ಅವು ತಲೆಮಾರುಗಟ್ಟಲೆ ಒಡಹುಟ್ಟುಗಳನ್ನೇ ಕೂಡಿಸಿ ಬೆಳೆಸಿದ, ಒಂದಕ್ಕೊಂದು ಅಚ್ಚೊತ್ತಿದಂತಿರುವ ಪಂಜರದ ಇಲಿಗಳು. ಕಾಡಿನ, ಹೊಲದ ಇಲಿಗಳ ಕಥೆ ಬೇರೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಹಿಮಾಚಲ ಪ್ರದೇಶದಲ್ಲಿ ಹಿಡಿದ ಹತ್ತು ಮನೆ ಇಲಿಗಳ ಪೂರ್ಣ ಜೀನೋಮ್ ಓದಿದರು. ಆ ಹತ್ತರಲ್ಲಿ ಸಿಕ್ಕ ವೈವಿಧ್ಯ ಮನುಷ್ಯಕುಲದ ವೈವಿಧ್ಯವನ್ನು ಬಹಳ ಹಿಂದೆ ಹಾಕುವಷ್ಟಿತ್ತು. 2018ರಲ್ಲಿ ಮಸ್ ಪಹಾರಿ ಮತ್ತು ಮಸ್ ಕರೋಲಿ ಎಂಬ ಎರಡು ಏಷ್ಯಾದ ಇಲಿಗಳ ಜೀನೋಮ್ ಬಂತು. ಮೊದಲನೆಯದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಸಿಕ್ಕಿಂನ ಮಾದರಿಯಿಂದ. ಮನೆ ಇಲಿಯ ವಂಶದಿಂದ ಇವು ಬೇರೆಯಾಗಿದ್ದು ಸುಮಾರು 60 ಮತ್ತು 30 ಲಕ್ಷ ವರ್ಷಗಳ ಹಿಂದೆ. ಮನುಷ್ಯ ಮತ್ತು ವಾನರರ ವಂಶದಲ್ಲಿ ಕಂಡದ್ದಕ್ಕಿಂತ ವೇಗವಾಗಿ ಇಲಿಗಳ ಡಿಎನ್‌ಎ ಬದಲಾಗಿದೆ ಎಂದು ಆ ಹೋಲಿಕೆಯಿಂದ ತಿಳಿಯಿತು. ವರ್ಷಕ್ಕೆ ಹಲವು ಸಲ ಮರಿ ಹಾಕುವ ಪ್ರಾಣಿಗೆ ಅಷ್ಟು ತಲೆಮಾರುಗಳು ಸಿಕ್ಕಿವೆ.

ಗುಲಾಂಡಿಯ ಕಥೆ ಇನ್ನೂ ಸ್ವಾರಸ್ಯದ್ದು. ಕಂಟಿಗಳ ನಡುವೆ ಒಣ ಹುಲ್ಲು ಹೆಣೆದು ಗುಂಡನೆಯ ಗೂಡು ಕಟ್ಟುವ, ಒರಟು ಕೂದಲಿನ ಈ ಇಲಿ ತನ್ನ ಕುಲದಲ್ಲಿ ಬದುಕಿ ಉಳಿದಿರುವ ಏಕೈಕ ಪ್ರಭೇದ. ಇದರ ಹತ್ತಿರದ ಬಂಧುಗಳು ಹೆಚ್ಚಾಗಿ ಆಫ್ರಿಕಾದವರು. ಅವುಗಳಲ್ಲಿ ಒಂದಾದ ನೈಲ್ ಇಲಿಯ ಜೀನೋಮ್ 2022ರಲ್ಲಿ ಪ್ರಕಟವಾಗಿದೆ. ನೈಲ್ ಇಲಿ ಹಗಲಿನಲ್ಲಿ ಓಡಾಡುವ ಪ್ರಾಣಿ. ಪ್ರಯೋಗಶಾಲೆಯಲ್ಲಿ ಮಾಮೂಲಿ ಇಲಿ ಆಹಾರ ಕೊಟ್ಟರೆ ಸಾಕು, ಅದಕ್ಕೆ ಮನುಷ್ಯರಿಗೆ ಬರುವಂಥ ಸಕ್ಕರೆ ಕಾಯಿಲೆ ಬರುತ್ತದೆ. ಆ ರೋಗದ ಗುಟ್ಟು ಹುಡುಕಲೆಂದೇ ಅದನ್ನು ಓದಿದರು. ಗುಲಾಂಡಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಆಫ್ರಿಕಾದ ವಂಶವೊಂದು ಯಾವಾಗ ಈ ಕಡೆ ಕವಲೊಡೆಯಿತು ಎಂಬುದಕ್ಕೆ ಉತ್ತರ ಸಿಗುವ ಸಾಧ್ಯತೆಯಿದೆ. ಮೆಟ್ಟಾಡದ ಕುಲದಲ್ಲೂ ಹೀಗೊಬ್ಬ ಬಡ ಸೋದರನಿದ್ದಾನೆ. ಮಿಲಾರ್ಡಿಯಾ ಕೊಂಡಾನಾ ಎಂಬ ಇಲಿ ಪುಣೆಯ ಸಿಂಹಗಡದ ಸುತ್ತಿನ ಗುಡ್ಡದ ನೆತ್ತಿಗಳಿಗೆ ಸೀಮಿತ, ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಒಂದು ಇಡೀ ಪರ್ಯಾಯ ದ್ವೀಪ ತುಂಬಿದ ಪೀಡೆ, ಇನ್ನೊಂದು ಗುಡ್ಡ ಬಿಟ್ಟು ಇಳಿಯದ ವಿರಳ ಜೀವಿ. ಎರಡೂ ಒಂದೇ ಮನೆತನ. ಇಂಥ ಜೋಡಿಯ ಜೀನೋಮ್ ಹೋಲಿಸಿದರೆ ಕಲಿಯಲು ಎಷ್ಟೊಂದಿದೆ!

ರೈತರು ಕೇಳುವ ಪ್ರಶ್ನೆ ಬೇರೆ. ಇಲಿ ಸಾಯುತ್ತದೆಯೋ ಇಲ್ಲವೋ?

ಈ ಪ್ರಶ್ನೆಗೂ ಡಿಎನ್‌ಎಯಲ್ಲೇ ಉತ್ತರದ ಒಂದು ಭಾಗವಿದೆ. ಜಿಂಕ್ ಫಾಸ್ಫೈಡ್ ಹಾಕಿದರೆ ಇಲಿ ಒಮ್ಮೆ ಸ್ವಲ್ಪ ತಿಂದು ಸಂಕಟಪಟ್ಟು ಬದುಕಿಕೊಂಡರೆ ಮತ್ತೆ ಆ ಕಾಳನ್ನು ಮೂಸುವುದಿಲ್ಲ. ಅದಕ್ಕೇ ಮೊದಲು ಒಂದೆರಡು ದಿನ ವಿಷವಿಲ್ಲದ ಕಾಳು ಇಟ್ಟು ರೂಢಿ ಮಾಡಿಸಬೇಕೆನ್ನುತ್ತಾರೆ ಕೃಷಿ ವಿಶ್ವವಿದ್ಯಾಲಯದವರು. ಬ್ರೊಮಾಡಿಯೊಲೋನ್‌ನಂಥ ವಿಷ ನಿಧಾನದ್ದು. ರಕ್ತ ಹೆಪ್ಪುಗಟ್ಟುವುದನ್ನು ತಡೆದು ದಿನಗಳ ನಂತರ ಕೊಲ್ಲುವುದರಿಂದ ಇಲಿಗೆ ಅನುಮಾನ ಬರುವುದಿಲ್ಲ. ಈ ಗುಂಪಿನ ಹಳೆಯ ವಿಷ ವಾರ್ಫರಿನ್. ಅದಕ್ಕೆ ಬಗ್ಗದ ಇಲಿಗಳು 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಂಡವು. ಕಾರಣ ಗೊತ್ತಾಗಲು 2004 ಬರಬೇಕಾಯಿತು. ವಿಕೆಒಆರ್‌ಸಿ1 ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ವಿಷ ತಾಗಬೇಕಾದ ಜಾಗದಲ್ಲಿ ತಾಗುವುದಿಲ್ಲ. 2011ರಲ್ಲಿ ಇನ್ನೂ ಅಚ್ಚರಿಯ ಸುದ್ದಿ ಬಂತು: ಯುರೋಪಿನ ಕೆಲವು ಮನೆ ಇಲಿಗಳು ಈ ರಕ್ಷಣೆಯನ್ನು ಬೇರೊಂದು ಪ್ರಭೇದದ ಇಲಿಯ ಜೊತೆ ಕೂಡಿ, ಅದರಿಂದ ಸಿದ್ಧವಾಗಿಯೇ ಪಡೆದುಕೊಂಡಿದ್ದವು. ನಮ್ಮ ಹೊಲಗಳಲ್ಲಿ ಆರೇಳು ಪ್ರಭೇದದ ಇಲಿಗಳು ಒಂದೇ ಬದುವಿನಲ್ಲಿ ಬದುಕುತ್ತವೆ. ಪ್ರತಿಯೊಂದರ ಈ ವಂಶವಾಹಿ ಯಾವ ರೂಪದಲ್ಲಿದೆ ಎಂದು ನೋಡದೆ ಎಲ್ಲಕ್ಕೂ ಒಂದೇ ವಿಷ ಸುರಿಯುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಸತ್ತ ಇಲಿಯನ್ನು ತಿಂದು ಗೂಬೆ, ಹದ್ದು, ನರಿಗಳು ಸಾಯುವ ಅಪಾಯ ಮಾತ್ರ ಇದ್ದೇ ಇದೆ.

ಕಾಯಿಲೆಯ ಮಾತೂ ಇದೆ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಎರಡೇ ವರ್ಷಕ್ಕೆ ಧಾರವಾಡ ಸೀಮೆಯನ್ನು ಹೊಕ್ಕಿತು. ಇಲಿ ಬಿದ್ದವು ಎಂದರೆ ಊರಿಗೆ ಊರೇ ಮನೆ ಬಿಟ್ಟು ಹೊಲದ ಗುಡಿಸಲಿಗೆ ಹೋಗುತ್ತಿದ್ದ ಕಾಲವದು. ಮನೆಯೊಳಗಿನ ದೊಡ್ಡ ಇಲಿ ಪ್ಲೇಗಿಗೆ ಬೇಗ ಸಾಯುತ್ತದೆ. ಹೊಲದಲ್ಲಿ ಜಿಗಿಯುತ್ತ ಓಡುವ, ಬಾಲದ ತುದಿಗೆ ಕುಚ್ಚಿರುವ ಟಟೇರಾ ಇಂಡಿಕಾ ಎಂಬ ಇಲಿ ಆ ರೋಗಾಣುವನ್ನು ಸಾಕಿಕೊಂಡು ಬದುಕಬಲ್ಲದು. ಒಂದು ಪ್ರಾಣಿ ಸಾಯುವ ರೋಗಕ್ಕೆ ಇನ್ನೊಂದು ಏಕೆ ಸಾಯುವುದಿಲ್ಲ ಎಂಬುದು ಅವುಗಳ ರೋಗನಿರೋಧಕ ವಂಶವಾಹಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗಲೇ ತಿಳಿಯುವ ವಿಷಯ. ಆರು ಬಾವಲಿಗಳ ಜೀನೋಮ್ 2020ರಲ್ಲಿ ಪ್ರಕಟವಾದಾಗ ವೈರಸ್‌ಗಳನ್ನು ಹೊತ್ತೂ ಅವು ಹೇಗೆ ಬದುಕುತ್ತವೆ ಎಂಬುದಕ್ಕೆ ಸಿಕ್ಕ ಸುಳಿವುಗಳು ಇಂಥವೇ.

ಇಷ್ಟಕ್ಕೆಲ್ಲ ಬೇಕಾದ ಜನ, ಯಂತ್ರ ಕರ್ನಾಟಕದಲ್ಲಿಯೇ ಇದ್ದಾರೆ, ಇವೆ. 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯ ನೇತೃತ್ವ ವಹಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಉಮಾ ರಾಮಕೃಷ್ಣನ್ ಅವರ ತಂಡ ವರ್ಷಗಳಿಂದ ಹುಲಿಗಳ ಡಿಎನ್‌ಎ ಓದುತ್ತಿದೆ. ಅದೇ ತಂಡ ಪಶ್ಚಿಮ ಘಟ್ಟದ ಇಲಿ, ಸೊಂಡಿಲಿಗಳಲ್ಲಿರುವ ಬಾರ್ಟೊನೆಲ್ಲಾ ಬ್ಯಾಕ್ಟೀರಿಯಾವನ್ನೂ ಅಧ್ಯಯನ ಮಾಡಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಶಕುಂತಲಾ ಶ್ರೀಧರ ಅವರು ಇಲಿಗಳ ವರ್ತನೆಯ ಮೇಲೆ ದೀರ್ಘಕಾಲ ಕೆಲಸ ಮಾಡಿದ್ದಾರೆ. ಘಟ್ಟದ ಕಾಡಿಗೆ ಸಿಕ್ಕ ಈ ಗಮನ ಬಯಲುಸೀಮೆಯ ಹೊಲಕ್ಕೂ ಸಿಗಬೇಕು. ಕಾನೂನೂ ಸ್ವಲ್ಪ ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಇಲಿಗಳನ್ನು ಕಾಗೆ, ಹಣ್ಣಿನ ಬಾವಲಿಗಳೊಂದಿಗೆ ಕ್ಷುದ್ರಜೀವಿ ಎಂದು ಸೇರಿಸಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟರು.

ಲಂಡನ್ನಿನ ಸಂಗ್ರಹಕ್ಕೆ ಸೇರಿದ ಎಲಿಯಟ್ ಕಾಲದ ತೊಗಲುಗಳಿಂದಲೂ ಕೆಲಸ ತೆಗೆಯಬಹುದು. ಮ್ಯೂಸಿಯಂ ತೊಗಲಿನಿಂದ ಡಿಎನ್‌ಎ ತೆಗೆಯಬಹುದೆಂದು ನಿರ್ನಾಮವಾದ ಕ್ವಾಗಾ ಎಂಬ ಜೀಬ್ರಾ ಜಾತಿಯ ಪ್ರಾಣಿಯ ಮೇಲೆ 1984ರಲ್ಲಿ ತೋರಿಸಿದ್ದರು. ಆಗ ಸಿಕ್ಕಿದ್ದು 229 ಅಕ್ಷರ ಮಾತ್ರ. ಹಳೆಯ ತೊಗಲಿನ ಡಿಎನ್‌ಎ ಪುಡಿಪುಡಿಯಾಗಿರುತ್ತದೆ, ಅದನ್ನೇ ನಂಬಿ ಹೊಸದಾಗಿ ಜೀನೋಮ್ ಕಟ್ಟಲಾಗದು. ಆದರೆ ತಾಜಾ ಪ್ರಾಣಿಯಿಂದ ಕಟ್ಟಿದ ಮಾದರಿ ಜೀನೋಮ್ ಕೈಯಲ್ಲಿದ್ದರೆ ಆ ಪುಡಿಯನ್ನು ಅದರ ಮೇಲೆ ಹೊಂದಿಸಿ, ಸುಮಾರು ಇನ್ನೂರು ವರ್ಷಗಳಲ್ಲಿ ಏನೇನು ಬದಲಾಗಿದೆ ಎಂದು ನೋಡಬಹುದು.

ಆ ಇನ್ನೂರು ವರ್ಷಗಳಲ್ಲಿ ಈ ನೆಲವೇ ಬದಲಾಗಿದೆ. ನರಗುಂದದ ಹೊಲಗಳಿಗೆ ಮಲಪ್ರಭಾ ಕಾಲುವೆಯ ನೀರು ಬಂತು, ಜೋಳದ ಜಾಗಕ್ಕೆ ಗೋವಿನಜೋಳ ಬಂತು. ನೀರುಂಡ ನೆಲ ಬೇಸಿಗೆಯಲ್ಲೂ ಮೊದಲಿನಂತೆ ಬಿರಿಯುವುದಿಲ್ಲ. ತಂಪು ನೆಲ ಬಯಸುವ ಕೋಕ್‌ಗೆ ಅದು ಹಿತ. ರೋಣದ ಮಳೆಯಾಶ್ರಿತ ಎರಿ ಹೊಲ ಇನ್ನೂ ಸೀಳುತ್ತದೆ. ಗಜೇಂದ್ರಗಡದ ಗುಡ್ಡದ ಮಗ್ಗುಲಿನ ಕೆಂಪು ಗರಸಿನಲ್ಲಿ ಸೀಳಿಲ್ಲ, ಕಲ್ಲಿದೆ. ಒಂದು ದಿನದ ದಾರಿಯೊಳಗೆ ಮೂರು ಬಗೆಯ ನೆಲ. ಒಂದು ಪೂರ್ಣ ಜೀನೋಮ್ ಸಿದ್ಧವಾದರೆ, ಮುಂದೆ ಈ ಮೂರೂ ಕಡೆಯ ನೂರಾರು ಇಲಿಗಳ ಕಿವಿಯಂಚಿನ ಚೂರುಗಳನ್ನು ಕಡಿಮೆ ಖರ್ಚಿನಲ್ಲಿ ಓದಿ ಅದರೊಂದಿಗೆ ಹೋಲಿಸಬಹುದು: ಕಾಲುವೆ ದಾಟಿ ಇಲಿಗಳು ಬೆರೆಯುತ್ತಿವೆಯೇ, ವಿಷ ಹೆಚ್ಚು ಬಿದ್ದ ಹೊಲದಲ್ಲಿ ವಿಕೆಒಆರ್‌ಸಿ1 ಬದಲಾಗಿದೆಯೇ, ಮಳೆ ತಪ್ಪಿದ ವರ್ಷ ಹೊಲಕ್ಕೆ ನುಗ್ಗುವ ಇಲಿಗಳು ಅಲ್ಲೇ ಹುಟ್ಟಿದವೋ ಬೇರೆ ಕಡೆಯಿಂದ ಬಂದವೋ ಎಂದು. ಎಲ್ಲಿ, ಯಾವಾಗ, ಯಾವ ಇಲಿಗೆ ಮದ್ದು ಇಡಬೇಕೆಂದು ರೈತರಿಗೆ ಹೇಳುವವರಿಗೆ ಮೊದಲು ಬೇಕಾದ ಉತ್ತರಗಳು ಇವು.